ಪಿಎಸ್‌ಎಲ್‌ವಿ ಇಷ್ಟು ವರ್ಷ ಬಾಳಿದ್ದು ಹೇಗೆ?

ಮೊದಲ ಹಾರಾಟದಲ್ಲೇ ಸಮುದ್ರಕ್ಕೆ ಬಿದ್ದ ಇಸ್ರೋದ ಉಪಗ್ರಹ ಹೊರುವ ರಾಕೆಟ್ ಪಿಎಸ್‌ಎಲ್‌ವಿ ಮೂವತ್ತು ವರ್ಷ ದಾಟಿದ್ದು ಹೇಗೆ ಎಂದು ಕೇಳಿದ್ದೀರಿ. ನಾನು ತಜ್ಞನಲ್ಲ, ಸಿರವಾರದ ಕಡೆಯ ಭತ್ತದ ರೈತ, ಉಡಾವಣೆಗಳನ್ನು ಮೊಬೈಲಿನಲ್ಲಿ ತಪ್ಪದೆ ನೋಡುವವನು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದವರು ನಾವು. ಅಣೆಕಟ್ಟೆಯಲ್ಲಿ ಎಷ್ಟು ನೀರು ಬಿಟ್ಟರು ಎನ್ನುವುದಕ್ಕಿಂತ ಕಾಲುವೆಯ 104ನೇ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ ಎನ್ನುವುದೇ ನಮಗೆ ಸುದ್ದಿ. ಈ ರಾಕೆಟ್ಟಿನಲ್ಲೂ ನನ್ನ ಕಣ್ಣು ತುದಿಯ ನಾಲ್ಕನೇ ಹಂತದ ಮೇಲೆಯೇ.

ರಾಕೆಟ್ಟಿನಲ್ಲಿ ಒಂದರ ಮೇಲೊಂದು ನಾಲ್ಕು ಹಂತ, ಉರಿದು ಮುಗಿದದ್ದು ಕಳಚಿ ಮೇಲಿನದು ಹೊತ್ತಿಕೊಳ್ಳುತ್ತದೆ. ಬುಡದ ಹಂತದಲ್ಲಿ ಸುಮಾರು 138 ಟನ್ ಘನ ಇಂಧನ. ಒಮ್ಮೆ ಹೊತ್ತಿಸಿದರೆ ಆರಿಸುವಂತಿಲ್ಲ, ಎರಡು ನಿಮಿಷದೊಳಗೆ ಬರಿದು. ಎರಡನೆಯದು ದ್ರವ ಇಂಧನದ ವಿಕಾಸ್ ಎಂಜಿನ್, ಮೂರನೆಯದು ಮತ್ತೆ ಘನ. ನಾಲ್ಕನೆಯದರಲ್ಲಿ ಇರುವುದು ಎರಡೂವರೆ ಟನ್ ದ್ರವ ಇಂಧನ, ಎರಡು ಪುಟ್ಟ ಎಂಜಿನ್. ಆದರೆ ಬೇಕಾದಾಗ ಆರಿಸಿ ಮತ್ತೆ ಹೊತ್ತಿಸಬಹುದು.

1993ರ ಸೆಪ್ಟೆಂಬರ್ 20ರ ಆ ಮೊದಲ ಹಾರಾಟದಲ್ಲಿ ಎಂಜಿನ್‌ಗಳು ಕೈಕೊಟ್ಟಿರಲಿಲ್ಲ. ಎರಡನೇ ಹಂತ ಕಳಚುವಾಗ ರಾಕೆಟ್ ಓಲಾಡಿತು. ಅದನ್ನು ನೆಟ್ಟಗೆ ನಿಲ್ಲಿಸಬೇಕಿದ್ದ ತಂತ್ರಾಂಶದಲ್ಲಿ ಒಂದು ಲೆಕ್ಕ ಮಿತಿ ಮೀರಿತು. ಉಪಗ್ರಹ ಬಂಗಾಳ ಕೊಲ್ಲಿಯ ಪಾಲಾಯಿತು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ನಮ್ಮ ಉಡುಪಿಯ ಯು.ಆರ್. ರಾವ್. ಇಸ್ರೋದವರು ತಪ್ಪು ಹುಡುಕಿ ತಿದ್ದಿ, 1994ರ ಅಕ್ಟೋಬರ್ 15ರಂದು ಎರಡನೆಯದನ್ನು ಕಕ್ಷೆಗೆ ಮುಟ್ಟಿಸಿದರು.

ಇದೇ ರಾಕೆಟ್ ಹೊತ್ತೊಯ್ದ ಚಂದ್ರಯಾನ-1, ಮಂಗಳಯಾನ ಎಲ್ಲರಿಗೂ ಗೊತ್ತು. ನನಗೆ ಅಚ್ಚುಮೆಚ್ಚು 2016ರ ಸೆಪ್ಟೆಂಬರ್ 26ರ ಹಾರಾಟ. ಒಂದು ಉಪಗ್ರಹವನ್ನು 720 ಕಿ.ಮೀ. ಎತ್ತರದಲ್ಲಿ ಬಿಟ್ಟ ನಾಲ್ಕನೇ ಹಂತ, ಸುಮ್ಮನೆ ತೇಲಿ, ಮತ್ತೆ ಹೊತ್ತಿಕೊಂಡು, ಉಳಿದ ಏಳನ್ನು 670 ಕಿ.ಮೀ.ಯಲ್ಲಿ ಇಳಿಸಿತು. ಮರುವರ್ಷ ಫೆಬ್ರುವರಿಯಲ್ಲಿ ಒಂದೇ ಸಲ 104 ಉಪಗ್ರಹ. ನಮ್ಮ ಮೈಲಿನ ಸಂಖ್ಯೆಯೇ ಎಂದು ಹೋಟೆಲಿನಲ್ಲಿ ನಕ್ಕಿದ್ದೆವು.

ಸೋಲು ಬಿಟ್ಟಿಲ್ಲ. 2017ರ ಆಗಸ್ಟ್‌ನಲ್ಲಿ ನಾಲ್ಕೂ ಹಂತ ಉರಿದರೂ ಉಪಗ್ರಹವನ್ನು ಮುಚ್ಚಿರುವ ಉಷ್ಣಕವಚ ಕಳಚದೆ ಉಪಗ್ರಹ ಒಳಗೇ ಉಳಿಯಿತು. ನೀರು ಹೊಲದವರೆಗೆ ಬಂದು ತೂಬು ತೆರೆಯದ ಹಾಗೆ. 2025ರ ಮೇ 18ರಂದು ಮೂರನೇ ಹಂತದ ಒತ್ತಡವೇ ಕುಸಿಯಿತು. ಕೊನೆಭಾಗಕ್ಕೆ ನೀರು ಬರಲೇ ಇಲ್ಲ.

ಕೆಲಸ ಮುಗಿದ ನಾಲ್ಕನೇ ಹಂತವನ್ನೂ ಈಗ ಸುಮ್ಮನೆ ಬಿಡುವುದಿಲ್ಲ, ಪ್ರಯೋಗಗಳನ್ನು ಹೊರಿಸಿ ಕಕ್ಷೆಯಲ್ಲಿ ಸುತ್ತಿಸುತ್ತಾರೆ. 2024ರ ಡಿಸೆಂಬರ್ 30ರಂದು ಹೋದದ್ದರೊಳಗೆ ಅಲಸಂದೆ ಬೀಜಗಳಿದ್ದವು. ನಾಲ್ಕು ದಿನದಲ್ಲಿ ಮೊಳಕೆಯೊಡೆದವು, ಆಮೇಲೆ ಎರಡು ಎಲೆಯೂ ಬಂತು.