ಶಿರಸಿ ಕಡೆಯ ಹಂಚಿನ ಮನೆಗೆ ಬೀಗ ಹಾಕಿ ಒಂದು ವಾರ ಬೇರೆ ಊರಿಗೆ ಹೋಗಬೇಕು. ಕಳ್ಳರಿಂದ ಮನೆ ಉಳಿಸಿಕೊಳ್ಳುವುದು ಹೇಗೆ?

ಮುಂಬಾಗಿಲಿಗೆ ದೊಡ್ಡ ಬೀಗ ಜಡಿದು, ಹಿತ್ತಲ ಬಾಗಿಲಿಗೆ ಸುಮ್ನೆ ಚಿಲಕ ಹಾಕಿ ಹೋಗುವವರೇ ಜಾಸ್ತಿ. ಕಳ್ಳನಿಗೆ ಅಷ್ಟು ಸಾಕು. ಹಿತ್ತಲ ಬಾಗಿಲಿಗೂ ಒಳಗಿನಿಂದ ಅಡ್ಡಪಟ್ಟಿ ಕೊಡಿ. ಹಂಚು ಸರಿಸಿಯೂ ಇಳಿಯಬಹುದು, ಅಲ್ವಾ? ಹಾಗಾಗಿ ಏಣಿ, ಹಾರೆ ಹೊರಗೆ ಬಿಡಬೇಡಿ.

ನಮ್ಮ ಕಡೆ ಬಂಗಾರದಷ್ಟೇ ಭಯ ಅಡಿಕೆ ಚೀಲದ್ದು. ಚಾಲಿ (ಬಿಸಿಲಲ್ಲಿ ಒಣಗಿಸುವ ಹಣ್ಣಡಿಕೆ) ಒಣಗಿದ್ದರೆ ಹೋಗುವ ಮೊದಲೇ ಮಾರಾಟಕ್ಕೆ ಸಾಗಿಸಿ. ಬಂಗಾರ ಬ್ಯಾಂಕ್ ಲಾಕರ್‌ಗೆ.

ಕ್ಯಾಮೆರಾ ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಕರೆಂಟು ಹೋದರೆ ಅದೂ ಮಲಗುತ್ತದೆ, ಬ್ಯಾಟರಿ ಬೇಕು. ನನ್ನ ಪ್ರಕಾರ ಪಕ್ಕದ ಮನೆಯವರು ದಿನಾ ಬಂದು ಪೇಪರ್ ಎತ್ತಿಟ್ಟು, ಸಂಜೆ ದೀಪ ಹಾಕುವುದೇ ಮೇಲು. ಠಾಣೆಗೂ ತಿಳಿಸಿ ಹೋಗಿ.

ವಾಪಸ್ ಬಂದಾಗ ಬೀಗ ಮುರಿದಿದ್ದರೆ ಒಳಗೆ ಹೋಗಬೇಡಿ, ಏನೂ ಮುಟ್ಟಬೇಡಿ. 112ಕ್ಕೆ ಫೋನ್ ಮಾಡಿ.