ಹಳೆಯ ರೈಲ್ವೆ ಸಾಕ್ಷ್ಯಚಿತ್ರಕ್ಕೆ ವಿಕಿಪೀಡಿಯದಲ್ಲಿ ಪ್ರತ್ಯೇಕ ಪುಟ ಇರಬಹುದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬ್ರಿಟಿಷ್ ಟ್ರಾನ್ಸ್‌ಪೋರ್ಟ್ ಫಿಲ್ಮ್ಸ್‌ನವರು (ಬ್ರಿಟನ್ನಿನ ಸರ್ಕಾರಿ ಸಾರಿಗೆ ಸಂಸ್ಥೆಯ ಚಿತ್ರ ವಿಭಾಗ) 1950ರ ದಶಕದಲ್ಲಿ ತೆಗೆದ ಇಪ್ಪತ್ತು ನಿಮಿಷದ ರೈಲ್ವೆ ಸಾಕ್ಷ್ಯಚಿತ್ರವೊಂದರ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಪುಟ ಬರೆದಿದ್ದೀರಿ. ಗಮನಾರ್ಹತೆ (ಪ್ರತ್ಯೇಕ ಪುಟ ಪಡೆಯುವ ಅರ್ಹತೆ) ಇಲ್ಲ ಎಂದು ಯಾರೋ ಅದನ್ನು ಅಳಿಸಲು ಹಾಕಿದ್ದಾರೆ. ವಿಜಯಪುರದಲ್ಲಿ ರೈಲ್ವೆ ಕ್ವಾರ್ಟರ್ಸಿನಲ್ಲೇ ಬೆಳೆದ ನಿಮಗೆ ಇದರಿಂದ ನೋವಾಗಿದೆ. ಆ ಪುಟ ಉಳಿಯಬೇಕೋ ಬೇಡವೋ?

ನಾನು ಬಾಗಲಕೋಟೆಯವನು, ಸಿನಿಮಾ ಪುಟಗಳನ್ನು ಬರೆಯುವುದು ತಿದ್ದುವುದು ನನ್ನ ಹವ್ಯಾಸ. ನೇರವಾಗಿಯೇ ಹೇಳುತ್ತೇನೆ: ನೀವು ಈಗ ಕೊಟ್ಟಿರುವ ಆಧಾರಗಳ ಮೇಲೆ ಪುಟ ನಿಲ್ಲುವುದಿಲ್ಲ. ಹಾಗಂತ ಚಿತ್ರಕ್ಕೆ ಬೆಲೆ ಇಲ್ಲ ಅಂತಲ್ಲ. ಚಿತ್ರ ಚಂದ ಇದೆಯೋ ಇಲ್ಲವೋ, ಎಷ್ಟು ಹಳೆಯದು ಎಂಬುದನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಅದನ್ನು ತೆಗೆದವರು, ಮಾರಿದವರನ್ನು ಬಿಟ್ಟು ಬೇರೆಯವರು ಅದರ ಬಗ್ಗೆ ಕೂತು ವಿವರವಾಗಿ ಬರೆದಿದ್ದಾರೆಯೇ ಎಂಬುದೇ ಮುಖ್ಯ.

ನೀವು ಕೊಟ್ಟದ್ದು ಮೂರು ಆಧಾರ. ಯೂಟ್ಯೂಬ್ ಕೊಂಡಿ ಚಿತ್ರ ಇದೆ ಎಂಬುದಕ್ಕೆ ಸಾಕ್ಷಿ, ಅಷ್ಟೇ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಕ್ಯಾಟಲಾಗಿನಲ್ಲಿ ಹೆಸರು, ವರ್ಷ, ಅವಧಿ ಸಿಗುತ್ತದೆ. ಅಲ್ಲಿ ಸಾವಿರಾರು ಚಿತ್ರಗಳಿಗೂ ಅಷ್ಟೇ ಸಿಗುತ್ತದೆ. ಮೂರನೆಯದು ಡಿವಿಡಿ ಸಂಪುಟದ ಜೊತೆಗಿನ ಕಿರುಹೊತ್ತಿಗೆ. ಇದರಲ್ಲಿ ಒಳ್ಳೆಯ ಬರಹ ಇರಬಹುದು, ಆದರೆ ಡಿವಿಡಿ ಮಾರುವ ಸಂಸ್ಥೆಯೇ ಅದನ್ನು ಬರೆಸಿದ್ದು. ಇದನ್ನು ಪೋಷಕ ಆಧಾರವಾಗಿ ಬಳಸಬಹುದು, ಇದೊಂದನ್ನೇ ನೆಚ್ಚಿಕೊಳ್ಳಬಾರದು.

ಬ್ರಿಟಿಷ್ ಚಿತ್ರಗಳ ಬಗ್ಗೆ ಹುಡುಕುವವರು ಮೊದಲು ಹೋಗುವುದು ‘ಮಂತ್ಲಿ ಫಿಲ್ಮ್ ಬುಲೆಟಿನ್’ ಪತ್ರಿಕೆಗೆ. 1934ರಿಂದ 1991ರವರೆಗೆ ನಡೆದ ಪತ್ರಿಕೆ ಅದು. ಬಿಡುಗಡೆಯಾದ ಚಿತ್ರಗಳನ್ನೆಲ್ಲ ದಾಖಲಿಸುವುದೇ ಅದರ ಕೆಲಸವಾಗಿತ್ತು, ಹಾಗಾಗಿ ಅಲ್ಲಿ ನಾಲ್ಕು ಸಾಲು ಬಂತೆಂದ ಮಾತ್ರಕ್ಕೆ ಚಿತ್ರ ವಿಶೇಷವಾಯಿತು ಅಂತ ಹೇಳಲಾಗದು. ವಿಮರ್ಶಕರು ಚಿತ್ರದ ಗುಣದೋಷ ಎತ್ತಿ ಆಡಿದ್ದಾರಾ ನೋಡ್ರಿ.

ವಿವರವಾದ ಬರಹ ಅಂದರೆ ಏನು ಅಂತ ತೋರಿಸಲು 1936ರ ‘ನೈಟ್ ಮೇಲ್’ ಸಾಕು. ಲಂಡನ್ನಿನಿಂದ ಸ್ಕಾಟ್ಲೆಂಡಿಗೆ ಓಡುವ ಟಪಾಲು ರೈಲಿನ ಚಿತ್ರ. ಅದರಲ್ಲಿ ಪತ್ರ ವಿಂಗಡಿಸುವ ಬೋಗಿಯ ಒಳಭಾಗ ನಿಜವಾದ ಬೋಗಿ ಅಲ್ಲ, ಸ್ಟುಡಿಯೋದಲ್ಲಿ ಹಾಕಿದ ಸೆಟ್. ಕೆಲಸ ಮಾಡುವವರು ಮಾತ್ರ ನಿಜವಾದ ಅಂಚೆ ನೌಕರರು. ರೈಲು ಓಡುತ್ತಿದೆ ಎನ್ನಿಸಲು ಅವರು ನಿಂತಲ್ಲೇ ಮೈ ತೂಗಬೇಕಾಯಿತು. ಕೊನೆಗೆ ಬರುವ ಕವಿ ಡಬ್ಲ್ಯು. ಎಚ್. ಆಡೆನ್ ಅವರ ಕವಿತೆ, ಸಂಗೀತಗಾರ ಬೆಂಜಮಿನ್ ಬ್ರಿಟನ್ ಅವರ ಸಂಗೀತ ಎರಡೂ ಗಾಲಿಯ ಲಯಕ್ಕೆ ಹೊಂದಿಕೊಂಡಿವೆ. ಇದೆಲ್ಲ ಬರೀ ಚಿತ್ರ ನೋಡಿದರೆ ತಿಳಿಯುವುದಿಲ್ಲ. ಇತಿಹಾಸಕಾರರು ಕೆದಕಿ ಬರೆದಿದ್ದಾರೆ, ಆದ್ದರಿಂದಲೇ ಆ ಪುಟಕ್ಕೆ ಒಡಲು ಇದೆ. ನಿಮ್ಮ ಪುಟದಿಂದ ಕಥಾಸಾರವನ್ನು ತೆಗೆದುಬಿಡಿ. ಏನು ಉಳಿಯುತ್ತದೆ? ಒಂದು ಪ್ಯಾರಾವೂ ಉಳಿಯದಿದ್ದರೆ ಅಳಿಸಲು ಹಾಕಿದವರ ಮಾತಿನಲ್ಲಿ ಹುರುಳಿದೆ.

ಬ್ರಿಟಿಷ್ ಟ್ರಾನ್ಸ್‌ಪೋರ್ಟ್ ಫಿಲ್ಮ್ಸ್ ಸಂಸ್ಥೆಯ ಹೆಸರು ದೊಡ್ಡದು ಎಂಬ ವಾದವನ್ನೂ ಮಾಡಿದ್ದೀರಿ. 1949ರಲ್ಲಿ ಶುರುವಾಗಿ ಸಾಕ್ಷ್ಯಚಿತ್ರಕಾರ ಎಡ್ಗರ್ ಆನ್‌ಸ್ಟೇ ಕೈಯಲ್ಲಿ ಬೆಳೆದ ಸಂಸ್ಥೆ, ನಿಜ. ಆದರೆ ಅವರಿಗೆ ಆಸ್ಕರ್ ತಂದದ್ದು ರೈಲಿನ ಚಿತ್ರ ಅಲ್ಲ, ನೀರುಹಕ್ಕಿಗಳ ಮೇಲಿನ ‘ವೈಲ್ಡ್ ವಿಂಗ್ಸ್’. 1963ರಲ್ಲಿ ಜೆಫ್ರಿ ಜೋನ್ಸ್ ತೆಗೆದ ‘ಸ್ನೋ’ ಎಂಟೇ ನಿಮಿಷದ್ದು, ಹಿಮದಲ್ಲಿ ಓಡುವ ರೈಲುಗಳ ಚಿತ್ರ, ಅದಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಎಂಟು ನಿಮಿಷದ್ದಕ್ಕೆ ಪುಟ ಇರಬಹುದು, ಅದೇ ಮನೆಯಿಂದ ಬಂದ ಅರ್ಧ ಗಂಟೆಯದ್ದಕ್ಕೆ ಇಲ್ಲದಿರಬಹುದು. ಅಪ್ಪನ ಹೆಸರಿನ ಮೇಲೆ ಮಗನಿಗೆ ಪುಟ ಸಿಗದು.

ಹಳೆಯ ಚಿತ್ರಗಳಿಗೆ ಇಂಗ್ಲಿಷ್ ವಿಕಿಪೀಡಿಯದವರು ಇಟ್ಟುಕೊಂಡಿರುವ ಅಳತೆ ನನಗೆ ಸರಿ ಕಾಣುತ್ತದೆ. ಬಿಡುಗಡೆಯಾಗಿ 5 ವರ್ಷ ಕಳೆದ ಮೇಲೂ ಎರಡಾದರೂ ಗಟ್ಟಿ ಲೇಖನ ಬಂದಿದೆಯೇ, ದೊಡ್ಡ ಪ್ರಶಸ್ತಿ ಬಂದಿದೆಯೇ, ಉತ್ಸವದಲ್ಲಿ ಮತ್ತೆ ತೋರಿಸಿದ್ದಾರೆಯೇ ಎಂದು ನೋಡುತ್ತಾರೆ. ಆಧಾರ ಇಂಗ್ಲಿಷಿನಲ್ಲಿದ್ದರೂ ಅಡ್ಡಿ ಇಲ್ಲ. ಆದರೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಪುಟ ಇದೆ ಎಂಬುದೇ ಆಧಾರ ಆಗುವುದಿಲ್ಲ.

1950ರ ದಶಕದ ಬರಹವೆಲ್ಲ ಗೂಗಲ್‌ನಲ್ಲಿ ಸಿಗುವುದಿಲ್ಲ, ಹಾಗಾಗಿ ಹುಡುಕದೆಯೇ ಇಲ್ಲ ಎನ್ನುವುದು ಅನ್ಯಾಯ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಸಿನಿಮಾ ಪತ್ರಿಕೆಗಳ ಸ್ಕ್ಯಾನ್ ಇವೆ. ನಿಮ್ಮ ಖಾತೆಗೆ 6 ತಿಂಗಳಾಗಿ, 500 ಸಂಪಾದನೆ ದಾಟಿದ್ದು, ಈಗಲೂ ಸಂಪಾದಿಸುತ್ತಿದ್ದರೆ ವಿಕಿಪೀಡಿಯ ಲೈಬ್ರರಿ ಮೂಲಕ ಜೆಸ್ಟೋರ್‌ನಂಥ ವಿದ್ವತ್ ಪತ್ರಿಕೆಗಳ ಸಂಗ್ರಹಗಳನ್ನು ದುಡ್ಡಿಲ್ಲದೆ ಓದಬಹುದು. ಚಿತ್ರದ ಹೆಸರಿನ ಜೊತೆ ನಿರ್ದೇಶಕರ ಹೆಸರನ್ನೂ ಹಾಕಿ ಹುಡುಕಿ.

ಏನೂ ಸಿಗದಿದ್ದರೆ ಬರೆದದ್ದನ್ನು ಬಿಸಾಡಬೇಡಿ. ಸಂಸ್ಥೆಯ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಪುಟ ಬರೆದು, ಅದರೊಳಗೆ ಈ ಚಿತ್ರಕ್ಕೆ ಐದಾರು ಸಾಲು ಕೊಡಿ, ಚಿತ್ರದ ಹೆಸರಿನಿಂದ ಅಲ್ಲಿಗೆ ಪುನರ್ನಿರ್ದೇಶನ ಮಾಡಿ (ಆ ಹೆಸರು ಹುಡುಕಿದವರು ಸಂಸ್ಥೆಯ ಪುಟಕ್ಕೇ ಬರುವ ಹಾಗೆ). ಓದುಗರಿಗೆ ಇದೇ ಹೆಚ್ಚು ಉಪಯೋಗ ಎಂದು ನನ್ನ ನಂಬಿಕೆ. ನಮ್ಮ ಊರುಗಳ ಮೂಲಕ ಹಿಂದೆ ಇದ್ದ ಗದಗ–ಹೊಟಗಿ ಮೀಟರ್ ಗೇಜ್ ರೈಲು ಮಾರ್ಗದ ಮೇಲೆ ಯಾರಾದರೂ ಇಂಥದ್ದೊಂದು ಚಿತ್ರ ತೆಗೆದಿದ್ದರೆ ನನಗೂ ಅದರ ಪುಟ ಬೇಕೇ ಬೇಕು ಅನ್ನಿಸುತ್ತಿತ್ತು. ಆಗಲೂ ಇದೇ ಅಳತೆ ಇಡುತ್ತಿದ್ದೆ.

ಅಳಿಸುವ ಮೊದಲು ಬರಹವನ್ನು ನಿಮ್ಮ ಪ್ರಯೋಗಪುಟಕ್ಕೆ (ವಿಕಿಪೀಡಿಯದಲ್ಲಿ ಕರಡು ಬರೆಯಲು ನಿಮಗಿರುವ ಜಾಗ) ನಕಲು ಮಾಡಿಟ್ಟುಕೊಳ್ಳಿ. ಚಿತ್ರದ ಹೆಸರು, ವರ್ಷ, ನಿರ್ದೇಶಕರು ಯಾರು ಎಂದು ತಿಳಿಸಿದರೆ ಪತ್ರಿಕೆಗಳಲ್ಲಿ ನಾನೂ ಹುಡುಕುತ್ತೇನೆ.