ರೈಲು ಎಂಜಿನ್‌ನ ಬೆಂಕಿಗೆ ಆ ಕೆಂಪು ಸಿಲಿಂಡರ್ ಒಂದೇ ಸಾಕೇ?

ಕಾರವಾರ–ಭಟ್ಕಳ ಮಾರ್ಗದ ಎಂಜಿನ್‌ಗಳಲ್ಲಿ ಬೆಂಕಿ ಆರಿಸಲು ಏನಿರುತ್ತದೆ, ಕ್ಯಾಬಿನಲ್ಲಿ ಕಾಣುವ ಕೆಂಪು ಸಿಲಿಂಡರ್ ಸಾಕೇ ಎಂದು ಕೇಳಿದ್ದೀರಿ. ಅದೊಂದೇ ಸಾಲದು. ಸಿಲಿಂಡರಿಗೆ ಕೈ ಹಾಕುವ ಮೊದಲು ಕರೆಂಟ್ ಕಡಿಯಬೇಕು.

2022ರಲ್ಲಿ ಕೊಂಕಣ ರೈಲ್ವೆಯ ವಿದ್ಯುದೀಕರಣ ಮುಗಿದಿದೆ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತದೆ. ಡಬ್ಲ್ಯುಎಪಿ-7, ಡಬ್ಲ್ಯುಎಜಿ-9 ಎಂಬ ವಿದ್ಯುತ್ ಎಂಜಿನ್‌ಗಳ ಮಷಿನ್ ರೂಮಿನಲ್ಲಿ ಹೊಗೆ ಪತ್ತೆ ಹಚ್ಚುವ ಸಾಧನವಿದ್ದು, ಲೋಕೋ ಪೈಲಟ್‌ನ ಪರದೆಗೆ ಸಂದೇಶ ಕೊಡುತ್ತದೆ. ಆಗ ವಿಸಿಬಿ, ಅಂದರೆ ಎಂಜಿನ್‌ಗೆ ಕರೆಂಟ್ ಕಡಿಯುವ ಮುಖ್ಯ ಸ್ವಿಚ್, ತೆರೆದು, ಪ್ಯಾಂಟೋವನ್ನು (ತಂತಿಯಿಂದ ಕರೆಂಟ್ ಪಡೆಯುವ ಛಾವಣಿಯ ತೋಳು) ಇಳಿಸಬೇಕು. ಯಂತ್ರಗಳನ್ನು ತಣಿಸುವ ಫ್ಯಾನ್‌ಗಳಾದ ಬ್ಲೋವರ್‌ಗಳೂ ನಿಂತು ಬೆಂಕಿಗೆ ಗಾಳಿ ಊದುವುದು ತಪ್ಪುತ್ತದೆ. ಆದರೂ ಬ್ಯಾಟರಿಯ 110 ವೋಲ್ಟ್ ಉಳಿದಿರುತ್ತದೆ, ಮೇಲಿನ ತಂತಿಯಲ್ಲಂತೂ ಕರೆಂಟ್ ಇದ್ದೇ ಇರುತ್ತದೆ. ಕಂಟ್ರೋಲ್ ರೂಮಿನವರು ಅದನ್ನು ಕಡಿದು, ಅರ್ಥಿಂಗ್ (ತಂತಿಯನ್ನು ನೆಲಕ್ಕೆ ಜೋಡಿಸುವುದು) ಆಗುವವರೆಗೆ ಯಾರೂ ನೀರು ಹಾಯಿಸಲೇಬಾರದು. ಊರಿನವರು ಕೊಡಪಾನ ಹಿಡಿದು ಓಡಿಬಂದರೂ ತಡೆಯಬೇಕು.

ಸಿಲಿಂಡರಿನಲ್ಲಿರುವುದು ಸಾಮಾನ್ಯವಾಗಿ 5–6 ಕೆ.ಜಿ. ಒಣ ಪುಡಿ. ಪಿನ್ ಕಿತ್ತು, ಗಾಳಿಗೆ ಬೆನ್ನು ಕೊಟ್ಟು, ಎರಡು-ಮೂರು ಮೀಟರ್ ದೂರದಿಂದ ಜ್ವಾಲೆಯ ಬುಡಕ್ಕೆ ಬೀಸಬೇಕು. ಅರ್ಧ ನಿಮಿಷದೊಳಗೆ ಖಾಲಿಯಾಗುತ್ತದೆ. ಪುಡಿ ಜ್ವಾಲೆ ನಂದಿಸುತ್ತದೆ, ಆದರೆ ಕಾದ ಕೇಬಲನ್ನು ತಣಿಸುವುದಿಲ್ಲ. ಆರಿತೆಂದು ಬಿಟ್ಟು ಹೋದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಎರಡನೇ ಸಿಲಿಂಡರ್ ಹಿಡಿದು ಅಲ್ಲೇ ಕಾಯಬೇಕು.

ಸಿಲಿಂಡರ್ ಕೈಕೊಡಲು ನಮ್ಮ ಕಡೆ ಎಲ್ಲರೂ ಉಪ್ಪುಗಾಳಿಯನ್ನೇ ದೂರುತ್ತಾರೆ. ಅದು ಕೆಡಿಸುವುದು ಹೊರಗಿನದನ್ನು: ತಳದ ಬಳೆ ತುಕ್ಕು ಹಿಡಿಯುತ್ತದೆ, ಪಿನ್ ಕಚ್ಚಿಕೊಳ್ಳುತ್ತದೆ. ಒಳಗಿನ ಪುಡಿಯನ್ನು ಹಾಳುಮಾಡುವುದು ಎಂಜಿನ್‌ನ ಅದುರಾಟ. ಸೇರಿನಲ್ಲಿ ಕುಟ್ಟಿ ತುಂಬಿದ ಹಿಟ್ಟಿನಂತೆ ಪುಡಿ ತಳದಲ್ಲಿ ಗಟ್ಟಿಯಾಗುತ್ತದೆ. ಸಿಲಿಂಡರಿನ ಮೀಟರಿನ ಮುಳ್ಳು ಹಸಿರಿನಲ್ಲೇ ಇದ್ದರೂ, ಒತ್ತಿದಾಗ ಬರೀ ಗಾಳಿ ಬರುತ್ತದೆ. ಮುಳ್ಳು ತೋರಿಸುವುದು ಒತ್ತಡವನ್ನು ಮಾತ್ರ. ಹಾಗಾಗಿ ತಪಾಸಣೆಯಲ್ಲಿ ಸಿಲಿಂಡರನ್ನು ತಲೆಕೆಳಗು ಮಾಡಿ ಅಲುಗಾಡಿಸಬೇಕು. ಪುಡಿ ಜಾರುವುದು ಕೈಗೆ ಗೊತ್ತಾಗಬೇಕು. ನಾಝಲ್ ತುದಿಯಲ್ಲಿ ಕಣಜ ಗೂಡು ಕಟ್ಟಿದೆಯೇ ಎಂದೂ ನೋಡಿ.

ಬೆಂಕಿಯ ಮೂಲ ಹೆಚ್ಚಾಗಿ ಸಡಿಲ ಕೇಬಲ್ ಜೋಡಣೆ, ಸೋರಿದ ಎಣ್ಣೆ, ಮೂಲೆಯಲ್ಲಿ ಮರೆತ ಎಣ್ಣೆ ಮೆತ್ತಿದ ಕಾಟನ್ ವೇಸ್ಟ್. ಡೀಸೆಲ್ ಎಂಜಿನ್‌ನಲ್ಲಾದರೆ ಕಾದ ಎಕ್ಸಾಸ್ಟ್ ಮೇಲೆ ಬೀಳುವ ಇಂಧನ.

ಗಾಡಿಯನ್ನು ಸಾಧ್ಯವಾದಷ್ಟೂ ಸುರಂಗದೊಳಗೆ ನಿಲ್ಲಿಸಬಾರದು. ಹೊನ್ನಾವರದ ಶರಾವತಿ ಸೇತುವೆ 2 ಕಿ.ಮೀ.ಗೂ ಉದ್ದ, ಅದರ ಮೇಲೂ ನಿಲ್ಲಿಸಬಾರದು, ಜನ ಇಳಿಯಲು ಜಾಗವಿಲ್ಲ. ಪ್ಯಾಂಟೋ ಇಳಿದ ಮೇಲೂ ಗಾಡಿಗೆ ಓಟದ ವೇಗವಿರುತ್ತದೆ, ಅದರಲ್ಲೇ ದಾಟಲು ನೋಡಬೇಕು.

ಇನ್ನೊಂದು: ಒಮ್ಮೆ ಚೂರೇ ಒತ್ತಿದ ಸಿಲಿಂಡರನ್ನೂ ಮತ್ತೆ ಕೊಕ್ಕೆಗೆ ಹಾಕಬೇಡಿ. ವಾಲ್ವ್‌ನಲ್ಲಿ ಪುಡಿ ಕೂತು ಒತ್ತಡ ನಿಧಾನಕ್ಕೆ ಸೋರಿಹೋಗುತ್ತದೆ. ಅದನ್ನು ರೀಫಿಲ್‌ಗೇ ಕಳಿಸಿ.